‘ಇದರಿಂದೇನು ಬರುತ್ತದೆ?’

ಸುರಪುರದಲ್ಲಿ ನನಗೆ ಪರಿಚಿತರಾದ ಹಿರಿಯ ಶ್ರಾವಕರೊಬ್ಬರಿದ್ದಾರೆ. ನಲವತ್ತು ವರ್ಷ ತೊಗರಿ ಹಾಗೂ ಹತ್ತಿಯ ಅಡತಿ ವ್ಯಾಪಾರ ನಡೆಸಿ, ಅಂಗಡಿಯ ಲೆಕ್ಕಪತ್ರಗಳನ್ನು ಮಕ್ಕಳಿಗೆ ಒಪ್ಪಿಸಿದ ಮೇಲೆ ಅವರು ಹಳಗನ್ನಡದ ಲಿಪಿಯನ್ನು ಕಲಿಯಲು ಕುಳಿತರು. ಶಾಸನಗಳ ಸಂಪುಟವೊಂದನ್ನು ತರಿಸಿಕೊಂಡು, ಶಾಲೆಯ ಬಾಲಕನಂತೆ ಎರಡು ಗೆರೆಯ ವಹಿಯಲ್ಲಿ ಒಂದೊಂದೇ ಅಕ್ಷರವನ್ನು ತಿದ್ದತೊಡಗಿದರು. ಕೆಲವೇ ದಿನಗಳಲ್ಲಿ ಸುದ್ದಿ ಹಬ್ಬಿತು. ಅಂಗಡಿಗೆ ಬಂದವರು, ಬಂಧುಗಳು, ಬಸದಿಯ ಕಟ್ಟೆಯ ಮೇಲೆ ಕುಳಿತವರು ಎಲ್ಲರೂ ಕೇಳಿದ್ದು ಒಂದೇ ಮಾತು: “ಇಷ್ಟ್ ವಯಸ್ಸಾದ ಮ್ಯಾಲ ಇದೆಲ್ಲಾ ಯಾಕ್ ಬೇಕ್ರಿ ಸಾವಕಾರ್ರ? ಇದರಿಂದೇನ್ ಬರ್ತದ?” ಮೊದಮೊದಲು ಅವರು ನಕ್ಕು ಸುಮ್ಮನಾದರು. ಈಚೆಗೆ ನಾನು ಹೋದಾಗ ಕೋಣೆಯ ಬಾಗಿಲನ್ನು ಮುಂದಕ್ಕೆ ತಳ್ಳಿ, ಹಾಸಿಗೆಯ ಕೆಳಗಿನಿಂದ ಆ ವಹಿಯನ್ನು ತೆಗೆದು ತೋರಿಸಿದರು. ಮದ್ಯದ ಸೀಸೆಯನ್ನು ಬಚ್ಚಿಡುವಂತೆ ಒಬ್ಬ ಸದ್ಗೃಹಸ್ಥರು ಶಾಸನದ ಪುಸ್ತಕವನ್ನು ಬಚ್ಚಿಡಬೇಕಾದ ಸ್ಥಿತಿ ನಮ್ಮ ಸಮಾಜದಲ್ಲಿ ಬಂದಿದೆಯೆಂದರೆ, ಅದರ ಬಗ್ಗೆ ಸೌಜನ್ಯದ ಮಾತುಗಳಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ನಮಗೆ ಅಕ್ಷರದ ಕೊರತೆಯೆಂದು ಯಾರೂ ಹೇಳಲಾರರು. 2001ರ ಜನಗಣತಿಯ ಪ್ರಕಾರ ದೇಶದ ಎಲ್ಲ ಧರ್ಮೀಯರಲ್ಲಿ ಜೈನರ ಸಾಕ್ಷರತೆಯೇ ಅತ್ಯಧಿಕ, ನೂರಕ್ಕೆ 94.1. ನಾವು ಬಾಳುತ್ತಿರುವ ಯಾದಗಿರಿ ಜಿಲ್ಲೆಯಾದರೋ, 2011ರ ಗಣತಿಯಲ್ಲಿ ನೂರಕ್ಕೆ 51.83ರಷ್ಟು ಸಾಕ್ಷರತೆಯೊಂದಿಗೆ ಇಡೀ ರಾಜ್ಯದಲ್ಲಿ ಕಟ್ಟಕಡೆಯ ಸ್ಥಾನದಲ್ಲಿತ್ತು. ಸುತ್ತಲಿನ ಅರ್ಧದಷ್ಟು ಜನರಿಗೆ ಅಕ್ಷರವೇ ದೊರೆಯದಿದ್ದ ನಾಡಿನಲ್ಲಿ, ಅಕ್ಷರವಿರುವ ನಾವು ಅದನ್ನು ಪಾವತಿ, ಪರೀಕ್ಷೆ ಹಾಗೂ ಮದುವೆಯ ಕರೆಯೋಲೆಗಳಾಚೆ ಬಳಸುವವರನ್ನು ಕಂಡು ನಗುತ್ತೇವೆ. ಮಗ ಸಿ.ಎ. ಓದುತ್ತಿದ್ದರೆ ಊರಿಗೆಲ್ಲ ಹೇಳುತ್ತೇವೆ. ಉತ್ತೀರ್ಣನಾದ ಮರುವಾರವೇ ಅವನ ಪುಸ್ತಕಗಳು ರದ್ದಿಯ ಅಂಗಡಿಗೆ ಹೋಗುತ್ತವೆ. ಅದೇ ಮಗ ಸುಮ್ಮನೆ, ಯಾವ ಪರೀಕ್ಷೆಯೂ ಇಲ್ಲದೆ, ನಕ್ಷತ್ರಗಳ ಬಗ್ಗೆ ಓದುತ್ತ ಕುಳಿತರೆ “ತಲೆ ಕೆಟ್ಟಿದೆ” ಎನ್ನುತ್ತೇವೆ.

ಈ ಮಾತು ಹೊಸದೇನೂ ಅಲ್ಲ. ಮೊಗಲರ ಕಾಲದಲ್ಲಿ ಜೌನಪುರದಲ್ಲಿ ಜನಿಸಿ ಆಗ್ರಾದಲ್ಲಿ ನೆಲೆಸಿದ ಶ್ರೀಮಾಲ ಜೈನ ವ್ಯಾಪಾರಿ ಬನಾರಸೀದಾಸರು 1641ರಲ್ಲಿ ತಮ್ಮ ಆತ್ಮಕಥೆಯಾದ ‘ಅರ್ಧಕಥಾನಕ’ವನ್ನು ಬರೆದರು. ಅವರ ತಂದೆ ರತ್ನವ್ಯಾಪಾರಿ. ಹದಿಹರೆಯದ ಮಗ ಕೋಶ, ಜ್ಯೋತಿಷ, ಅಲಂಕಾರ ಎಂದು ಕಂಡದ್ದನ್ನೆಲ್ಲ ಓದುವುದನ್ನು ನೋಡಿ ಮನೆಯ ಹಿರಿಯರು ಬುದ್ಧಿ ಹೇಳಿದರಂತೆ: ಬಹಳ ಓದುವುದು ಬ್ರಾಹ್ಮಣರ ಹಾಗೂ ಭಟ್ಟರ ಕೆಲಸ, ವಣಿಕನ ಮಗ ಅಂಗಡಿಯಲ್ಲಿ ಕುಳಿತಿರಬೇಕು, ಹೆಚ್ಚು ಓದಿದವನ ಗತಿ ಭಿಕ್ಷೆಯೇ ಎಂದು. ಸುಮಾರು ನಾಲ್ಕು ನೂರು ವರ್ಷ ಕಳೆದರೂ ಯಾದಗಿರಿಯ ಗಂಜಿನಲ್ಲಿ ಈ ಉಪದೇಶ ಹಾಗೆಯೇ ಚಲಾವಣೆಯಲ್ಲಿದೆ. ಬನಾರಸೀದಾಸರು ವ್ಯಾಪಾರದಲ್ಲಿ ಮೇಲಿಂದ ಮೇಲೆ ಸೋತದ್ದೂ, ಆಗ್ರಾದಲ್ಲಿ ತಿಂಗಳುಗಟ್ಟಲೆ ಕಚೋರಿಯವನ ಸಾಲದಲ್ಲಿ ಹೊಟ್ಟೆ ಹೊರೆದದ್ದೂ ನಿಜ. ಅವನ್ನೆಲ್ಲ ಅವರೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಆದರೆ ಅಂದು ಅಂಗಡಿಯಲ್ಲಿ ಶಿಸ್ತಾಗಿ ಕುಳಿತು ಗೆದ್ದ ನೂರಾರು ಶೇಠರ ಹೆಸರುಗಳು ಯಾರಿಗೆ ನೆನಪಿವೆ?

ಇರಲಿ, ಕೀರ್ತಿಯನ್ನು ಆಧಾರವಾಗಿಟ್ಟುಕೊಂಡು ವಾದಿಸುವುದು ಶ್ರಾವಕನಿಗೆ ಶೋಭಿಸದು. ಶಾಸ್ತ್ರವನ್ನೇ ನೋಡೋಣ.

ನಮ್ಮ ಆಚಾರ್ಯರು ಮತಿಜ್ಞಾನವನ್ನು ನಾಲ್ಕು ಹಂತಗಳಾಗಿ ವಿವರಿಸಿದ್ದಾರೆ: ಅವಗ್ರಹ, ಈಹಾ, ಅವಾಯ, ಧಾರಣಾ. ಪಾಠಶಾಲೆಯಲ್ಲಿ ಇವನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅರ್ಥವನ್ನು ಒಮ್ಮೆ ಗಮನಿಸಬೇಕು. ವಸ್ತುವೊಂದು ಕಣ್ಣಿಗೆ ಬಿದ್ದು ‘ಏನೋ ಇದೆ’ ಎಂದು ತೋರುವುದು ಅವಗ್ರಹ. ‘ಇದು ಏನಿರಬಹುದು?’ ಎಂದು ವಿಶೇಷವನ್ನು ತಿಳಿಯಲು ಮನಸ್ಸು ಹಂಬಲಿಸುವುದು ಈಹಾ. ದೂರದಲ್ಲಿ ಬೆಳ್ಳಗೆ ಕಂಡದ್ದು ಬೆಳ್ಳಕ್ಕಿಯೋ ಧ್ವಜವೋ ಎಂಬ ಉದಾಹರಣೆಯನ್ನು ಟೀಕಾಕಾರರು ಕೊಡುತ್ತಾರೆ. ಪರಿಶೀಲಿಸಿ ನಿಶ್ಚಯಿಸುವುದು ಅವಾಯ, ನಿಶ್ಚಯಿಸಿದ್ದನ್ನು ಮರೆಯದಿರುವುದು ಧಾರಣಾ. ಲೋಕವು ಯಾವುದನ್ನು ಕುತೂಹಲವೆಂದು ಕರೆದು ಮಕ್ಕಳಾಟಿಕೆಯ ಪಟ್ಟಿಗೆ ಸೇರಿಸುತ್ತದೆಯೋ, ಅದನ್ನು ಜಿನಾಗಮವು ಜ್ಞಾನದ ಎರಡನೆಯ ಮೆಟ್ಟಿಲೆಂದು ಹೆಸರಿಟ್ಟು ಗೌರವಿಸಿದೆ. ಈಹೆಯಿಲ್ಲದೆ ಅವಾಯವಿಲ್ಲ, ಅವಾಯವಿಲ್ಲದೆ ಧಾರಣೆಯಿಲ್ಲ. ‘ಇದರಿಂದೇನು ಬರುತ್ತದೆ?’ ಎಂದು ಕೇಳುವವನು ಮೊದಲ ಮೆಟ್ಟಿಲಲ್ಲಿಯೇ ನಿಂತವನು. ತಾನು ನಿಲ್ಲುವುದಲ್ಲದೆ, ಹತ್ತುತ್ತಿರುವವನ ಧೋತರವನ್ನೂ ಹಿಡಿದು ಎಳೆಯುತ್ತಾನೆ.

ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ದುಂಡುಬಂಡೆಗಳನ್ನು ಸಾಲುಸಾಲಾಗಿ ಹೂಡಿದ ಬೃಹತ್ ಶಿಲಾಯುಗದ ನೆಲೆಯೊಂದಿದೆ. ಕಾರಿನಲ್ಲಿ ಹೋಗುವಾಗ ನಾವೆಲ್ಲ ಬಂಡೆಗಳನ್ನು ನೋಡಿದ್ದೇವೆ. ಅದು ಅವಗ್ರಹ. ಮೆಡೋಸ್ ಟೇಲರ್ ಎಂಬ ಆಂಗ್ಲನಿಗೆ ಮಾತ್ರ ಈಹೆಯುಂಟಾಯಿತು. ಈತ 1824ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಮುಂಬಯಿಯ ವ್ಯಾಪಾರಿಯೊಬ್ಬನ ಕೈಕೆಳಗೆ ದುಡಿಯಲು ಬಂದ ಹುಡುಗ. ಬಳಿಕ ನಿಜಾಮನ ಸೇನೆ ಸೇರಿದ. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವನಲ್ಲ. ಭಾಷೆ, ಮೋಜಣಿ, ಕಾನೂನು, ಎಲ್ಲವನ್ನೂ ಬಹುಮಟ್ಟಿಗೆ ಸ್ವಂತವಾಗಿಯೇ ಕಲಿತವನು. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದಾಗ, ಯಾರೂ ಹೇಳದೆ, ಯಾವ ಸಂಬಳವೂ ಇಲ್ಲದೆ, ಈ ಭಾಗದ ಕಲ್ಗೋರಿಗಳನ್ನೂ ಬಂಡೆಸಾಲುಗಳನ್ನೂ ಅಳೆದು, ಚಿತ್ರಿಸಿ, ಕೆಲವನ್ನು ಅಗೆಸಿ ನೋಡಿ, 1850ರ ದಶಕದ ಆರಂಭದಲ್ಲಿ ಮುಂಬಯಿಯ ಏಷ್ಯಾಟಿಕ್ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ. ಆತ ಪರಕೀಯ ಆಡಳಿತದ ಮನುಷ್ಯ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಾಳು ಹೇಗೆ ಮುಗಿಯಿತೆಂಬುದನ್ನು ಸುರಪುರದವರು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೂ ನಮ್ಮ ಹೊಲದ ಬದುವಿನ ಕಲ್ಲುಗಳು ನಮಗೇಕೆ ಪ್ರಶ್ನೆಯಾಗಿ ಕಾಣಲಿಲ್ಲ ಎಂಬ ಮಾತು ಉಳಿದೇ ಉಳಿಯುತ್ತದೆ.

ಹುಣಸಗಿಯ ಕಥೆಯೂ ಇಂತಹುದೇ. 1970ರ ದಶಕದಿಂದ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ಹುಣಸಗಿ–ಬೈಚಬಾಳ ಕಣಿವೆಯಲ್ಲಿ ನಡೆದಾಡಿ, ಆದಿಮಾನವನ ಕಲ್ಲಿನ ಆಯುಧಗಳ ನೆಲೆಗಳನ್ನು ಒಂದೊಂದಾಗಿ ಗುರುತಿಸಿದರು. 1997ರಿಂದ ಇಸಾಂಪುರದಲ್ಲಿ ನಡೆದ ಉತ್ಖನನವು ಸುಣ್ಣಕಲ್ಲಿನಿಂದ ಆಯುಧಗಳನ್ನು ತಯಾರಿಸುತ್ತಿದ್ದ ತಾಣವನ್ನೇ ಬೆಳಕಿಗೆ ತಂದಿತು. ಅದರ ಪ್ರಾಚೀನತೆಯನ್ನು ಸುಮಾರು ಹನ್ನೆರಡು ಲಕ್ಷ ವರ್ಷಗಳೆಂದು ಅಳೆದಿದ್ದಾರೆ. ಪದ್ದಯ್ಯನವರಿಗೆ ಅದು ವೃತ್ತಿ ಎನ್ನಬಹುದು. ಒಪ್ಪಿದೆ. ಆದರೆ ಸುರಪುರ, ಹುಣಸಗಿಗಳಲ್ಲಿ ಅಂಗಡಿ, ಹೊಲ, ಗಿರಣಿಗಳನ್ನು ಹೊಂದಿರುವ ನಮ್ಮ ಎಷ್ಟು ಕುಟುಂಬಗಳು ಮಕ್ಕಳನ್ನು ಒಂದು ಭಾನುವಾರ ಆ ಕಣಿವೆಗೆ ಕರೆದೊಯ್ದಿವೆ? ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಮುಂದೆ ಫೋಟೋ ತೆಗೆಸಿಕೊಳ್ಳಲು ಮಾತ್ರ ನಮಗೆ ಬಿಡುವು ಸಿಗುತ್ತದೆ.

ಇಲ್ಲೊಂದು ಆಕ್ಷೇಪಣೆ ಬರುತ್ತದೆ. ನಮ್ಮ ಪಂಡಿತರೊಬ್ಬರು ನನ್ನೆದುರಿಗೇ ಎತ್ತಿದ್ದಾರೆ. ಶಾಸ್ತ್ರ ಹೇಳುವ ಜ್ಞಾನ ಆತ್ಮಹಿತದ ಜ್ಞಾನ, ಕಲ್ಲು ನಕ್ಷತ್ರಗಳ ಜ್ಞಾನವಲ್ಲ. ಗೃಹಸ್ಥನಿಗೆ ಅವು ಅನರ್ಥದಂಡ, ಅಂದರೆ ನಿಷ್ಪ್ರಯೋಜಕವಾದ ಪಾಪಕ್ರಿಯೆ, ಅದರಲ್ಲಿಯೂ ‘ದುಃಶ್ರುತಿ’ ಎಂಬ ವರ್ಗಕ್ಕೆ ಸೇರುತ್ತವೆ ಎಂದು ಅವರ ವಾದ. ಆಕ್ಷೇಪಣೆ ಹಗುರವಾದುದಲ್ಲ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದುಃಶ್ರುತಿಯ ಲಕ್ಷಣವನ್ನು ಹೇಳಿದ್ದು ವಿಷಯದ ಹೆಸರಿನಿಂದಲ್ಲ, ಚಿತ್ತದ ಮೇಲಾಗುವ ಪರಿಣಾಮದಿಂದ. ಹಿಂಸೆ, ಪರಿಗ್ರಹ, ಮಿಥ್ಯಾತ್ವ, ದ್ವೇಷ, ರಾಗ, ಮದ, ಕಾಮಗಳಿಂದ ಮನಸ್ಸನ್ನು ಕಲುಷಿತಗೊಳಿಸುವ ಶ್ರವಣವೇ ದುಃಶ್ರುತಿ. ಈ ಅಳತೆಗೋಲನ್ನು ಹಿಡಿದು ನಮ್ಮ ಮನೆಗಳಲ್ಲಿ ಸಂಜೆ ಏಳರಿಂದ ಹತ್ತರವರೆಗೆ ದೂರದರ್ಶನದಲ್ಲಿಯೂ ಮೊಬೈಲಿನಲ್ಲಿಯೂ ನಡೆಯುವುದನ್ನು ಒಮ್ಮೆ ಅಳೆದು ನೋಡಲಿ. ಅತ್ತೆ ಸೊಸೆಯರ ವೈರವನ್ನು ನೋಡುತ್ತ ಕುಳಿತ ಮನೆಯಲ್ಲಿ ಅನರ್ಥದಂಡದ ಮಾತೇ ಬರುವುದಿಲ್ಲ. ಮೂಲೆಯಲ್ಲಿ ಒಬ್ಬ ಮುದುಕ ಶಾಸನ ಓದಿದೊಡನೆ ಬರುತ್ತದೆ!

ಇನ್ನು ಲೌಕಿಕ ಜ್ಞಾನ ನಮ್ಮದಲ್ಲವೆಂಬ ಮಾತು. ಯಾದಗಿರಿಯಿಂದ ಅರ್ಧ ದಿನದ ಹಾದಿಯೂ ಅಲ್ಲದ ಮಳಖೇಡದಲ್ಲಿ ನಿಂತು ಆ ಮಾತನ್ನು ಆಡಲು ಧೈರ್ಯ ಬೇಕು. ಆ ರಾಷ್ಟ್ರಕೂಟ ರಾಜಧಾನಿಯಲ್ಲಿ ಅಮೋಘವರ್ಷ ಆಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಬಡ್ಡಿಯ ಲೆಕ್ಕ, ಚಿನ್ನದ ಲೆಕ್ಕ, ಪಾಲಿನ ಲೆಕ್ಕ ಅದರಲ್ಲಿವೆ. ವ್ಯಾಪಾರಿಗೆ ಬೇಕಾದವು. ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಋಣಸಂಖ್ಯೆ ವರ್ಗವಾಗಲಾರದು, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ಬರೆದದ್ದು ಯಾವ ಅಂಗಡಿಯ ಲೆಕ್ಕಕ್ಕಾಗಿ? ಬಕುಳ, ಮಾವು, ದುಂಬಿ, ನವಿಲುಗಳನ್ನು ತುಂಬಿದ ಸಮಸ್ಯೆಗಳನ್ನು ಕಟ್ಟಿದ್ದು ಯಾವ ಲಾಭಕ್ಕಾಗಿ? ಅದೇ ಪರಿಸರದಲ್ಲಿ ವೀರಸೇನಾಚಾರ್ಯರು ಧವಲಾ ಟೀಕೆಯನ್ನು ಮುಗಿಸಿ, ಮುಪ್ಪಿನಲ್ಲಿ ಜಯಧವಲಾವನ್ನು ಆರಂಭಿಸಿ, ಇಪ್ಪತ್ತು ಸಾವಿರ ಶ್ಲೋಕಪ್ರಮಾಣ ಬರೆದು ಕಾಲವಶರಾದರು. ಶಿಷ್ಯ ಜಿನಸೇನರು ಇನ್ನೂ ನಲವತ್ತು ಸಾವಿರ ಬರೆದು 837ರಲ್ಲಿ ಪೂರ್ಣಗೊಳಿಸಿದರು. ‘ಈ ವಯಸ್ಸಿನಲ್ಲಿ ಇದೇಕೆ?’ ಎಂದು ವೀರಸೇನರನ್ನು ತಡೆಯಲು ಆ ಕಾಲದಲ್ಲಿ ಪುಣ್ಯವಶಾತ್ ನಮ್ಮಂಥ ಹಿತೈಷಿಗಳು ಹತ್ತಿರವಿರಲಿಲ್ಲ.

ಸ್ವಾಧ್ಯಾಯವು ಗೃಹಸ್ಥನ ಷಟ್ಕರ್ಮಗಳಲ್ಲಿ ಒಂದು, ಅಂತರಂಗ ತಪಸ್ಸುಗಳಲ್ಲಿಯೂ ಒಂದು. ಅದರ ಐದು ಅಂಗಗಳಲ್ಲಿ ವಾಚನೆಯ ನಂತರ ಬರುವುದು ಪೃಚ್ಛನಾ, ಅಂದರೆ ಪ್ರಶ್ನಿಸುವುದು. ಪ್ರಶ್ನೆಯನ್ನು ತಪಸ್ಸೆಂದು ಗಣಿಸಿದ ಧರ್ಮ ನಮ್ಮದು! ಈಗ ನಮ್ಮ ಸ್ವಾಧ್ಯಾಯ ಸಭೆಗಳಲ್ಲಿ ಏನು ನಡೆಯುತ್ತಿದೆ? ಒಬ್ಬರು ಓದುತ್ತಾರೆ, ಹತ್ತು ಮಂದಿ ತೂಕಡಿಸುತ್ತಾರೆ, ಜಯಘೋಷದೊಂದಿಗೆ ಪುಸ್ತಕ ಮುಚ್ಚುತ್ತದೆ. ಕೆಲವು ವರ್ಷಗಳ ಹಿಂದೆ ಇಂತಹ ಸಭೆಯೊಂದರಲ್ಲಿ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಎದ್ದು, ನೀರಿನ ಒಂದು ಹನಿಯಲ್ಲಿ ಜೀವಿಗಳಿವೆಯೆಂದು ನಮ್ಮವರು ಸೂಕ್ಷ್ಮದರ್ಶಕ ಬರುವ ಮೊದಲೇ ಹೇಗೆ ಹೇಳಿದರು, ಶಾಸ್ತ್ರದ ಅಪ್ಕಾಯಿಕ ಜೀವವೂ ಸೂಕ್ಷ್ಮದರ್ಶಕದಲ್ಲಿ ಕಾಣುವ ಕ್ರಿಮಿಯೂ ಒಂದೆಯೋ ಬೇರೆಯೋ ಎಂದು ಕೇಳಿದಳು. ಎಂತಹ ಉತ್ತಮ ಪ್ರಶ್ನೆ! ಎರಡೂ ಒಂದಲ್ಲ, ನೀರನ್ನೇ ಶರೀರವಾಗಿ ಉಳ್ಳ ಏಕೇಂದ್ರಿಯ ಜೀವ ಬೇರೆ, ನೀರಿನಲ್ಲಿ ಚಲಿಸುವ ತ್ರಸಜೀವ ಬೇರೆ. ಇಷ್ಟನ್ನು ವಿವರಿಸಲು ಎರಡು ನಿಮಿಷ ಸಾಕಾಗಿತ್ತು. ಆಕೆಗೆ ದೊರೆತ ಉತ್ತರ: “ಕೂಡ್ರವ್ವಾ, ಶಾಸ್ತ್ರದಾಗ ಸಂಶಯ ಮಾಡಬಾರದು.” ಆಕೆ ಕುಳಿತಳು. ಮುಂದಿನ ವಾರ ಬರಲಿಲ್ಲ. ಈಗ ಯುವಜನ ಬಸದಿಗೆ ಬರುತ್ತಿಲ್ಲವೆಂದು ಅದೇ ಹಿರಿಯರು ಸಭೆ ಕರೆಯುತ್ತಾರೆ.

ಪ್ರಶ್ನೆಯಿಂದ ಶ್ರದ್ಧೆ ಕೆಡುತ್ತದೆಂಬ ಭಯಕ್ಕೆ ಬನಾರಸೀದಾಸರ ಬಾಳೇ ಉತ್ತರ. ಅವರ ಓದು ಎಲ್ಲ ಕಾಲದಲ್ಲಿಯೂ ನೇರ ದಾರಿಯಲ್ಲಿತ್ತೆಂದು ನಾನು ಹೇಳಲಾರೆ. ಯೌವನದಲ್ಲಿ ಶೃಂಗಾರದ ಕೃತಿಯೊಂದನ್ನು ಬರೆದು, ಬಳಿಕ ನಾಚಿ ಗೋಮತಿ ನದಿಗೆ ಎಸೆದರು. 1623ರ ಸುಮಾರಿಗೆ ಸಮಯಸಾರವನ್ನು ಓದಿ, ನಿಶ್ಚಯನಯವೊಂದನ್ನೇ ಹಿಡಿದು, ಪೂಜೆ ವ್ರತಗಳನ್ನು ಹಾಸ್ಯಮಾಡುತ್ತ ಗೆಳೆಯರೊಡನೆ ಹುಚ್ಚಾಟವಾಡಿದರು. ಓದಿನಿಂದ ಕೆಟ್ಟರು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸುಮಾರು ಹನ್ನೆರಡು ವರ್ಷಗಳ ಮೇಲೆ ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು ಗೊಮ್ಮಟಸಾರವನ್ನು ವಿವರಿಸಿದಾಗ, ಗುಣಸ್ಥಾನಗಳ ಕ್ರಮವನ್ನು ಕೇಳಿ ತಿಳಿದು, ಅವರು ತಮ್ಮ ಏಕಾಂತವನ್ನು ತಾವೇ ಬಿಟ್ಟರು. ಮರುವರ್ಷ ‘ಸಮಯಸಾರ ನಾಟಕ’ ಸಿದ್ಧವಾಯಿತು. ಅವರನ್ನು ತಿದ್ದಿದ್ದು ಬೈಗುಳವಲ್ಲ, ಅಂಗಡಿಯೂ ಅಲ್ಲ, ಮತ್ತಷ್ಟು ಓದು. ಆ ಗೊಮ್ಮಟಸಾರವಾದರೂ ಎಲ್ಲಿಯದು? ನಮ್ಮ ನಾಡಿನಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಚಾವುಂಡರಾಯನ ನಿಮಿತ್ತವಾಗಿ ರಚಿಸಿದ್ದು. ಚಾವುಂಡರಾಯ ಗಂಗರ ಮಂತ್ರಿ, ಸೇನಾಪತಿ. ರಣರಂಗದಿಂದ ರಣರಂಗಕ್ಕೆ ಓಡಾಡುತ್ತಲೇ 978ರಲ್ಲಿ ತನ್ನ ಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದವನು. ನಮಗೆ ಪುರುಸೊತ್ತಿಲ್ಲ ಎನ್ನುವವರು ಅವನಿಗಿಂತ ದೊಡ್ಡ ಸೈನ್ಯವನ್ನು ನಡೆಸುತ್ತಿದ್ದಾರೆಯೋ ಏನೋ!

ಶ್ರಾವಿಕೆಯರ ವಿಷಯಕ್ಕೆ ಬಂದರೆ ನಮ್ಮ ನಡತೆ ಇನ್ನೂ ಹೀನವಾದುದು. ಗಂಡಸು ಓದಿದರೆ ಹುಚ್ಚು, ಹೆಂಗಸು ಓದಿದರೆ ಉದ್ಧಟತನ. ಪ್ರಾಕೃತ ಕಲಿಯಬೇಕೆಂದು ಅಂಚೆಯ ಮೂಲಕ ಪಾಠಗಳನ್ನು ತರಿಸಿಕೊಂಡ ಸೊಸೆಯೊಬ್ಬಳು, ಪಾಕೀಟು ಬಂದ ದಿನವೆಲ್ಲ ಮನೆಯಲ್ಲಿ ಮಾತು ಕೇಳಬೇಕಾಗಿ ಬಂದು, ಕಡೆಗೆ ತವರಿನ ವಿಳಾಸ ಕೊಟ್ಟಳೆಂದು ಬಲ್ಲೆ. ಅತ್ತಿಮಬ್ಬೆಯ ಹೆಸರಿನಲ್ಲಿ ಮಹಿಳಾ ಮಂಡಲಗಳನ್ನು ತೆರೆಯುತ್ತೇವೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆ ತಾಯಿಯ ಭಾವಚಿತ್ರದ ಕೆಳಗೆ ಕುಳಿತು ರಂಗೋಲಿಯ ಸ್ಪರ್ಧೆಯನ್ನಷ್ಟೇ ನಡೆಸುತ್ತೇವೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣ ಕರ್ಮ ಯಾವುದರಿಂದ ಹರಿದುಬರುತ್ತದೆಂದು ಉಮಾಸ್ವಾತಿಗಳು ಹೇಳಿದ್ದಾರೆ. ಜ್ಞಾನದ ಬಗ್ಗೆ ಒಳಗೊಳಗೆ ಕುದಿಯುವುದು, ತಿಳಿದುದನ್ನು ಮರೆಮಾಚುವುದು, ಮತ್ಸರದಿಂದ ಕೊಡದಿರುವುದು, ಕಲಿಯುವವನಿಗೆ ಅಡ್ಡಿ ಮಾಡುವುದು, ಮಾತಿನಿಂದ ಅಥವಾ ಅಂಗಚೇಷ್ಟೆಯಿಂದ ಕಡೆಗಣಿಸುವುದು, ದೂಷಿಸುವುದು. ಇವು ದೊಡ್ಡ ಪಾಪಿಗಳ ಕೃತ್ಯಗಳೆಂದು ನಾವು ತಿಳಿದಿದ್ದೇವೆ. ಸುರಪುರದ ಆ ಹಿರಿಯರ ಅಂಗಡಿಯ ಮುಂದೆ ನಿಂತು ನಕ್ಕವರು ಈ ಪಟ್ಟಿಯನ್ನು ಇನ್ನೊಮ್ಮೆ ಓದಲಿ. ಇರುವೆ ತುಳಿಯದಂತೆ ಎಚ್ಚರದಿಂದ ಹೆಜ್ಜೆಯಿಡುವ ಜನ, ಇನ್ನೊಬ್ಬರ ಜಿಜ್ಞಾಸೆಯನ್ನು ಎಷ್ಟು ನಿರಾತಂಕವಾಗಿ ತುಳಿಯುತ್ತೇವೆ.

ಟ್ರಸ್ಟುಗಳ ಮಾನ್ಯ ಪದಾಧಿಕಾರಿಗಳಲ್ಲಿಯೂ ಒಂದು ಮಾತು. ನಮ್ಮ ಈ ಮೂರು ಊರುಗಳ ಪೈಕಿ ಒಂದರಲ್ಲಿ, ಬಸದಿಯ ಪಕ್ಕದ ಕೋಣೆಯಲ್ಲಿ ಕಬ್ಬಿಣದ ಅಲಮಾರಿಯೊಂದಿದೆ. ಅದರೊಳಗೆ ದಾನಿಗಳು ಶಾಸ್ತ್ರದಾನವೆಂದು ಕೊಟ್ಟ ಗ್ರಂಥಗಳಿವೆ. ಷಟ್ಖಂಡಾಗಮದ ಸಂಪುಟಗಳೂ ಇವೆಯೆಂದು ಕೇಳಿದ್ದೇನೆ. ಕೇಳಿದ್ದೇನೆ ಎಂದು ಬರೆಯಲು ಕಾರಣ, ಎರಡು ವರ್ಷಗಳಿಂದ ಕೇಳುತ್ತಿದ್ದರೂ ನನಗೆ ಅದರ ಕೀಲಿಕೈ ದೊರೆತಿಲ್ಲ. ಹಳೆಯ ಕಾರ್ಯದರ್ಶಿಗಳ ಬಳಿ ಇದೆಯೆಂದು ಹೊಸಬರೂ, ಹೊಸಬರಿಗೆ ಕೊಟ್ಟೆನೆಂದು ಹಳಬರೂ ಹೇಳುತ್ತಾರೆ. ಇದೇ ಅವಧಿಯಲ್ಲಿ ಅಂಗಳಕ್ಕೆ ಗ್ರಾನೈಟು ಹಾಸಿಯಾಯಿತು, ದಾನಿಗಳ ಹೆಸರಿನ ಫಲಕಕ್ಕೆ ಎರಡು ಸಾರಿ ಬಣ್ಣವಾಯಿತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಎಣಿಸುತ್ತೇವೆ. ಮೂರನೆಯದನ್ನು ಪಡೆದು ಬೀಗ ಹಾಕಿದರೆ ಅದನ್ನು ದಾನವೆಂದು ಹೇಗೆ ಕರೆಯುವುದು?

ಬೀಗದ ಫಲವೇನೆಂದು ನಮಗೆ ತಿಳಿಯದ್ದಲ್ಲ. ಧವಲಾ ಗ್ರಂಥಗಳ ತಾಳೆಯೋಲೆಗಳು ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಯಾತ್ರಿಕರು ನಮಸ್ಕರಿಸಿ ಹಿಂದಿರುಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೊಲ್ಲಾಪುರ, ಮುಂಬಯಿಗಳ ಕೆಲವು ಶ್ರಾವಕರು ಪಟ್ಟುಹಿಡಿದು ನಕಲು ಮಾಡಿಸುವ ಕಾರ್ಯವನ್ನು ಆರಂಭಿಸದೆ ಇದ್ದಿದ್ದರೆ, 1939ರಲ್ಲಿ ಅಮರಾವತಿಯಿಂದ ಪ್ರೊ. ಹೀರಾಲಾಲ ಜೈನರು ಮೊದಲ ಸಂಪುಟವನ್ನು ಪ್ರಕಟಿಸುವುದು ಸಾಧ್ಯವಿರಲಿಲ್ಲ. ಓಲೆಗಳನ್ನು ಕಾಪಾಡಿದವರ ಭಕ್ತಿಗೆ ನನ್ನ ನಮಸ್ಕಾರವಿದೆ. ಆದರೆ ಪಟ್ಟು ಹಿಡಿದವರು ವ್ಯಾಪಾರಿಗಳು, ಪುಸ್ತಕದ ಒಳಗೇನಿದೆಯೆಂದು ತಿಳಿಯಬೇಕೆಂಬ ಒಂದೇ ಹಂಬಲದವರು ಎಂಬುದನ್ನು ನೆನಪಿಡಬೇಕು.

ಟ್ರಸ್ಟುಗಳಿಂದ ನಾನು ಬೇಡುವುದು ದೊಡ್ಡ ಗ್ರಂಥಾಲಯವನ್ನಲ್ಲ. ಅಲಮಾರಿ ತೆರೆದಿರಲಿ, ಹತ್ತಿರ ಒಂದು ಮೇಜು, ಒಂದು ದೀಪ, ಕೊಂಡೊಯ್ದವರ ಹೆಸರು ಬರೆಯಲು ಒಂದು ವಹಿ ಇರಲಿ. ಶಾಸ್ತ್ರಗ್ರಂಥಗಳ ಪಕ್ಕದಲ್ಲಿ ಜಿಲ್ಲೆಯ ಇತಿಹಾಸ, ಶಾಸನ, ಸಸ್ಯ, ಖಗೋಳಗಳ ಪುಸ್ತಕಗಳೂ ಬರಲಿ. ವಾರಕ್ಕೊಂದು ಸಂಜೆ ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದಾದ ಒಂದು ಗಂಟೆ ಇರಲಿ. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳುವ ಹಿರಿಯರೊಬ್ಬರು ಅಲ್ಲಿ ಕುಳಿತಿರಲಿ. ಇದಕ್ಕೆ ಒಂದು ಪಂಚಕಲ್ಯಾಣದ ಪೆಂಡಾಲಿನ ಖರ್ಚೂ ಬೀಳದು. ವ್ಯಾಪಾರಕ್ಕಾಗಿ ರಾಜಸ್ಥಾನದಿಂದ ಬಂದು ಈ ಊರುಗಳಲ್ಲಿ ನೆಲೆಸಿದ ಶ್ವೇತಾಂಬರ ಬಾಂಧವರಿಗೂ ಜ್ಞಾನಪಂಚಮಿಯಿದೆ, ಭವನಗಳಿವೆ, ಬೀಗ ಹಾಕಿದ ಅಲಮಾರಿಗಳೂ ಇವೆ. ಈ ಒಂದು ಕಾರ್ಯದಲ್ಲಿ ಪಂಥಭೇದದ ಮಾತು ಬೇಕಾಗಿಲ್ಲ.

ಗಿರಿನಾರದ ಗುಹೆಯಲ್ಲಿದ್ದ ವೃದ್ಧ ಧರಸೇನಾಚಾರ್ಯರು, ತಮ್ಮೊಂದಿಗೆ ಶ್ರುತಜ್ಞಾನವೂ ನಶಿಸೀತೆಂಬ ಭಯದಿಂದ ದಕ್ಷಿಣದ ಮುನಿಸಂಘಕ್ಕೆ ಪತ್ರ ಕಳುಹಿಸಿ ಇಬ್ಬರು ಶಿಷ್ಯರನ್ನು ಕರೆಯಿಸಿಕೊಂಡರು. ಆ ಪುಷ್ಪದಂತ ಭೂತಬಲಿಗಳು ಗ್ರಂಥವನ್ನು ಪೂರ್ಣಗೊಳಿಸಿದ ನೆನಪಿಗೆ ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯನ್ನು ಆಚರಿಸುತ್ತೇವೆ. ಅಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಅಕ್ಷತೆ ಹಾಕಿ, ಹೊಸ ವಸ್ತ್ರದಲ್ಲಿ ಕಟ್ಟಿ ಪುನಃ ಒಳಗಿಡುತ್ತೇವೆ. ಬರುವ ಶ್ರುತಪಂಚಮಿಯಂದು ಸುರಪುರದ ಆ ಹಿರಿಯರನ್ನು ಕರೆದುಕೊಂಡು ಆ ಬಸದಿಗೆ ಹೋಗಲು ನಿಶ್ಚಯಿಸಿದ್ದೇನೆ. ಅವರು ತಮ್ಮ ವಹಿಯನ್ನು ಬಚ್ಚಿಡದೆ ಕೈಯಲ್ಲಿಯೇ ಹಿಡಿದು ಬರಲು ಒಪ್ಪಿದ್ದಾರೆ. ಪೂಜೆ ಮುಗಿದ ಬಳಿಕ ಗ್ರಂಥಗಳನ್ನು ಕಟ್ಟಿಡುವ ಮೊದಲು ಒಂದನ್ನು ಬಿಡಿಸಿ ಓದಲು ಅನುಮತಿ ಕೇಳಲಿದ್ದೇವೆ. ಆ ದಿನವಾದರೂ ಕೀಲಿಕೈ ಸಿಗುವುದು ಅನಿವಾರ್ಯವಷ್ಟೆ.